ನಿಂತ ಮೋಟಾರಿನ ಸಪ್ಪಳ

ದೆವ್ವ, ಶಕುನ, ಸತ್ತವರ ಸನ್ನೆ ಇವನ್ನೆಲ್ಲ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಎಷ್ಟು ಸಲ ಚಿಂದಿ ಮಾಡಿದ್ದೇನೋ ನೆನಪಿಲ್ಲ. ಈಗಲೂ ನಂಬುವುದಿಲ್ಲ. ಹಾಗಾದರೆ ಇದನ್ನೇಕೆ ಬರೆಯುತ್ತಿದ್ದೀ ಎಂದು ನೀವು ಕೇಳಿದರೆ, ಪ್ರಶ್ನೆ ಸರಿಯಾಗಿಯೇ ಇದೆ. ಎದುರು ಪಕ್ಷದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಮೊಬೈಲ್ ಜಾಲದ ಸುರಕ್ಷತೆ ನನ್ನ ಸಂಶೋಧನೆಯ ವಿಷಯ. ಕೆಲವು ವರ್ಷಗಳ ಹಿಂದೆ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್‌ಗಳನ್ನು ಪರೀಕ್ಷಿಸುತ್ತಿದ್ದೆ. ಗೋಡೆಗೆ ಹೊಡೆದ ಪೆಟ್ಟಿಗೆ, ಒಳಗೊಂದು ಸಿಮ್. ಮಾಲೀಕ ಎಲ್ಲಿಂದಲೋ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಶುರು. ಪೆಟ್ಟಿಗೆ ನೋಡುವುದು ನಂಬರನ್ನು ಮಾತ್ರ, ಕರೆದವರು ಯಾರೆಂದಲ್ಲ. ಬೇರೆಯವರ ನಂಬರಿನ ಸೋಗು ಹಾಕಿ ಯಾರು ಬೇಕಾದರೂ ಅದನ್ನು ಆಡಿಸಬಹುದು ಎಂಬುದು ನನ್ನ ವಾದ.

ಮಾಸೂರಿನಲ್ಲಿ ಗಿರಿಜವ್ವ ತಾವಾಗಿ ನನ್ನನ್ನು ಹುಡುಕಿಕೊಂಡು ಬಂದರು. ಗಂಡ ಈರಪ್ಪ ವೀಳ್ಯದೆಲೆ ಬಳ್ಳಿಯ ಸಸಿ ತರಲು ಸವಣೂರಿಗೆ ಹೋದವರು ವರ್ಷ ಕಳೆದರೂ ತಿರುಗಿ ಬಂದಿರಲಿಲ್ಲ. ಫೋನು ಬಂದ್. ಆದರೆ ದಿನಾ ದೀಪ ಹಚ್ಚುವ ಹೊತ್ತಿಗೆ ಮೋಟಾರು ಶುರುವಾಗುತ್ತಿತ್ತು, ಪೆಟ್ಟಿಗೆಯ ಪರದೆಯ ಮೇಲೆ ಈರಪ್ಪನವರದೇ ನಂಬರು.

"ಯಾರೋ ಚಾಷ್ಟಿ ಮಾಡಾಕತ್ತಾರ್ರಿ ಮೇಡಮ್ಮಾರ," ಎಂದ ಅವರ ಮೈದುನ ಚಂದ್ರಪ್ಪ. "ಅಣ್ಣ ಇದ್ದಿದ್ರ ಹೆಂಡ್ತೀನ ಬಿಟ್ಟು ಮೋಟಾರಿಗೆ ಫೋನ್ ಮಾಡ್ತಿದ್ನೇನು?"

"ನಿಮ್ಮಣ್ಣ ನನಗ ಯಾವಾಗ ಫೋನ್ ಮಾಡ್ಯಾರೋ? ಅವರು ಬಾಳೇವು ಮಾಡಿದ್ದ ಮೋಟಾರಿನ ಜೋಡಿ," ಎಂದರು ಗಿರಿಜವ್ವ. ಆಮೇಲೆ ನನ್ನ ಕಡೆ ತಿರುಗಿದರು. "ತಂಗೀ, ಖರೇ ಹೇಳು. ಅವರ ಮಾಡಾಕತ್ತಿದ್ರ ಕಾಯ್ತೇನಿ. ಮತ್ಯಾರರ ಆಟ ಆಗಿದ್ರ ಈ ಕೈಯಾಗಿನ ಬಳಿ ತಗದ ಇಡ್ತೇನಿ. ನಡುವ ನಿಂತು ನಿಂತು ಸಾಕಾಗೇತಿ."

ಆ ನಂಬರಿಗೆ ಕರೆ ಮಾಡಿದೆ. ಬಳಕೆಯಲ್ಲಿಲ್ಲ ಎಂಬ ಉತ್ತರ ಬಂತು. ಸಂಜೆ ಮೋಟಾರು ಮಾತ್ರ ತಪ್ಪದೆ ಶುರುವಾಯಿತು. ಬಳಕೆಯಲ್ಲಿಲ್ಲದ ನಂಬರಿನಿಂದ ಕರೆ ಬಂದರೆ ಅದು ಸೋಗೇ, ನಿಶ್ಚಯ. ಪೆಟ್ಟಿಗೆಯ ದೋಷ ಅಲ್ಲವೆಂದು ತೋರಿಸುವುದೊಂದೇ ಉಳಿದಿತ್ತು. ಸಿಮ್ ಇಲ್ಲದೆಯೂ ಮೋಟಾರು ಶುರುವಾದರೆ ದೋಷ ಪೆಟ್ಟಿಗೆಯದು, ಆಗದಿದ್ದರೆ ಹೊರಗಿನ ಕರೆಯದು. ಮರುದಿನ ಸಂಜೆ ಸಿಮ್ ತೆಗೆದು ಗಿರಿಜವ್ವನವರ ಕೈಗೆ ಕೊಟ್ಟೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಪಂಪಿನ ಮನೆಯ ಬಾಗಿಲಲ್ಲಿ ಕುಳಿತರು. ಚಂದ್ರಪ್ಪ ನನ್ನ ಪಕ್ಕದಲ್ಲೇ ಇದ್ದ. ಕರೆಗಳನ್ನು ದಾಖಲಿಸುವ ನನ್ನ ಉಪಕರಣಕ್ಕೆ ಗಿರಿಜವ್ವನವರ ಫೋನನ್ನೂ ಜೋಡಿಸಿದ್ದೆ.

ದೀಪ ಹಚ್ಚುವ ಹೊತ್ತಾಯಿತು. ಮೋಟಾರು ಶುರುವಾಗಲಿಲ್ಲ. ಗೆದ್ದೆ ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಗಿರಿಜವ್ವನವರ ಫೋನು ರಿಂಗಾಯಿತು. ಪರದೆಯ ಮೇಲೆ ಈರಪ್ಪನವರ ನಂಬರು.

ಅವರು ಕಿವಿಗಿಟ್ಟುಕೊಂಡು ಒಂದೇ ಮಾತು ಕೇಳಿದರು: "ಎಲ್ಲಿದ್ದೀರಿ?"

ಆಮೇಲೆ ಫೋನನ್ನು ನನ್ನ ಕಡೆ ಚಾಚಿದರು. ಆ ಕಡೆ ಮಾತಿಲ್ಲ. ಓಡುತ್ತಿರುವ ಮೋಟಾರಿನ ಸಪ್ಪಳ. ಸವೆದ ಬೇರಿಂಗಿನ ಅದೇ ಕಿರ್ರೆನ್ನುವ ದನಿ, ನಡುನಡುವೆ ಮೋಟಾರು ಕೆಮ್ಮಿದಂಥ ಅದೇ ಸದ್ದು. ಹಿಂದಿನ ಸಂಜೆ ಇದೇ ಜಾಗದಲ್ಲಿ ನಿಂತು ಕೇಳಿದ್ದೆ. ಆ ಮೋಟಾರು ಈಗ ನನ್ನ ಕಣ್ಣೆದುರು ತಣ್ಣಗೆ ನಿಂತಿತ್ತು. ಚಂದ್ರಪ್ಪ ಫೋನಿಗೆ ಕಿವಿ ಕೊಟ್ಟವನು ಹಿಂದಕ್ಕೆ ಸರಿದ. ಕರೆ ಕಡಿದುಹೋಯಿತು.

ಯಾರೋ ಆ ಸಪ್ಪಳವನ್ನು ಮೊದಲೇ ಹಿಡಿದಿಟ್ಟು ಕೇಳಿಸಿದರು ಅನ್ನುತ್ತೀರಾ? ನಾನೂ ಅಂದೆ. ಆದರೆ ಆ ಹೊತ್ತಿನಲ್ಲಿ ಗಿರಿಜವ್ವನವರ ಫೋನಿಗೆ ಯಾವ ಕರೆಯೂ ಬಂದಿಲ್ಲ ಎಂದು ನನ್ನ ಉಪಕರಣ ಹೇಳಿತು. ಫೋನಿನಲ್ಲೂ ಗುರುತಿಲ್ಲ. ಉಪಕರಣ ತಪ್ಪಿರಬಹುದು. ಮೂವರ ಕಿವಿಯೂ ತಪ್ಪಿರಬಹುದು. ಎರಡೂ ಒಂದೇ ಗಳಿಗೆಯಲ್ಲಿ ತಪ್ಪಿದವು ಎಂದು ವಾದಿಸುವ ಧೈರ್ಯ ಮಾತ್ರ ನನಗಿಲ್ಲ.

ಸಿಮ್ಮನ್ನು ತಿರುಗಿ ಹಾಕಿ ಎಷ್ಟೋ ಸಂಜೆ ಕಾದೆವು. ಮೋಟಾರು ಮತ್ತೆ ತಾನಾಗಿ ಶುರುವಾಗಲಿಲ್ಲ. ಪೊಲೀಸರಿಗೂ ಏನೂ ಗೊತ್ತಾಗಿರಲಿಲ್ಲ. ಈರಪ್ಪನವರ ಸುದ್ದಿ ಇವತ್ತಿಗೂ ಇಲ್ಲ.

ಹೋದ ಸಲ ಮಾಸೂರಿಗೆ ಹೋದಾಗ ಗಿರಿಜವ್ವ ತಾವೇ ಸ್ವಿಚ್ಚು ಒತ್ತಿ ಮೋಟಾರು ಶುರು ಮಾಡುತ್ತಿದ್ದರು.

"ಏನಾತು ತಂಗೀ, ಗೊತ್ತಾತೇನು?"

ಇಲ್ಲವೆಂದು ತಲೆಯಾಡಿಸಿದೆ. ಅವರು ಮುಂದಿನ ಸಾಲಿಗೆ ನೀರು ತಿರುಗಿಸಲು ಬಾಗಿದರು. ಒಂದು ಕೈಯಲ್ಲಿ ಬಳೆಗಳಿದ್ದವು. ಇನ್ನೊಂದು ಕೈ ಬರಿದಾಗಿತ್ತು.