ಗಂಟೆ ಬಾಯಿ ಮುಚ್ಚಿದ ಮೇಲೆ

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳಂತೆ. ಆ ಮಾತೇ ಅಂಟಿಕೊಂಡು ಎಲ್ಲರ ಬಾಯಲ್ಲೂ ಅವನು ಚಕ್ರಣ್ಣನಾದ. ದೊಡ್ಡ ಕಟ್ಟಡಗಳಲ್ಲಿ ಬೆಂಕಿ ಬಿದ್ದರೆ ಎಚ್ಚರಿಸುವ ಗಂಟೆ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕಸುಬು. ಮನೆಗೆ ಬಂದರೂ ನೆಮ್ಮದಿಯಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸುತ್ತುತ್ತಲೇ ಇರಬೇಕು. "ಒಂದು ಕಡೆ ಕೂತ್ಕೊಳ್ರೀ, ನನಗೆ ತಲೆ ತಿರುಗತ್ತೆ" ಎಂದು ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಗದರುವಳು. ಕೂರುತ್ತಿದ್ದ, ಮತ್ತೆ ಏಳುತ್ತಿದ್ದ. ನಾಯಿ ಬಾಲ ಡೊಂಕೇ ಅಲ್ಲವೇ.

ಹೆಂಡತಿ ಒಳ್ಳೆಯ ದರ್ಜಿ. ಅಂಥವಳ ಕೀಲುಗಳು ಊದಿಕೊಂಡು, ಸೂಜಿಗೆ ದಾರ ಪೋಣಿಸುವುದೂ ಆಗದೆ ಹೋಯಿತು. ಊರಿನ ಎಣ್ಣೆಯೆಲ್ಲ ತಿಕ್ಕಿಸಿಕೊಂಡು ಸೋತ ಮೇಲೆ ಕೀಲಿನ ಡಾಕ್ಟರಮ್ಮನ ಹತ್ತಿರ ಹೋದರು. ನರ್ಸು ಅವಳನ್ನು ಪಕ್ಕದ ಕೋಣೆಗೆ ಚುಚ್ಚುಮದ್ದಿಗೆ ಕರೆದೊಯ್ದಾಗ ಡಾಕ್ಟರಮ್ಮ ಚಕ್ರಣ್ಣನಿಗೆ ಕಾಗದದ ಮೇಲೊಂದು ದುಂಡನೆಯ ಕೋಶ ಬರೆದು ತೋರಿಸಿದರು.

"ರೋಗ ಹೊಕ್ಕಾಗ ಕಾವಲಿನ ಕೋಶಗಳು ಸೈಟೊಕೈನ್ ಅನ್ನೋ ಪುಟ್ಟ ಪ್ರೋಟೀನುಗಳನ್ನ ಬಿಡ್ತಾವೆ. ಅವು ಬೇರೆ ಕೋಶಗಳ ಒಳಗೆ ನುಗ್ಗಲ್ಲ. ಹೊರಮೈ ಮೇಲೆ ಗ್ರಾಹಕ ಅಂತಿದೆ, ಅದರ ಮೇಲೆ ಕೂತ್ಕೊಳ್ತಾವೆ ಅಷ್ಟೆ. ಕೂತಾಗ ಗ್ರಾಹಕದ ತುಂಡುಗಳು ಜೋಡಿಯಾಗ್ತಾವೆ. ಅವುಗಳ ಒಳತುದಿಗೆ ಅಂಟಿಕೊಂಡಿರೋ ಕಿಣ್ವಗಳು ಒಂದನ್ನೊಂದು ಎಬ್ಬಿಸ್ತಾವೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶದ ನಡುವಿರೋ ಜೀನುಗಳ ತನಕ ಹೋಗತ್ತೆ."

"ಗುಂಡಿ ಒತ್ತೋನು ಹೊರಗೇ ನಿಂತಿರ್ತಾನೆ, ಗಂಟೆ ಒಳಗೆ ಬಾರಿಸತ್ತೆ ಅನ್ನಿ" ಎಂದ ಚಕ್ರಣ್ಣ. ಇದು ಅವನದೇ ಭಾಷೆ.

"ಹಾಗೇ. ನಿಮ್ಮ ಮನೆಯವರಿಗೆ ರೋಗಾಣು ಇಲ್ಲದೇ ಇದ್ರೂ ಸೈಟೊಕೈನ್‌ಗಳು ಆ ಗುಂಡಿ ಒತ್ತಿ ಒತ್ತಿ ಕೀಲೆಲ್ಲ ಉರೀತಿದೆ. ಈ ಮದ್ದು ತಾನೇ ಗ್ರಾಹಕದ ಮೇಲೆ ಕೂತು ಅವಕ್ಕೆ ಜಾಗ ಕೊಡಲ್ಲ. ಆದ್ರೆ ಜ್ವರದ ಸುದ್ದಿ ಹೋಗೋದೂ ಇದೇ ದಾರೀಲಿ. ಹಾಗಾಗಿ ಇನ್ನು ಅವರಿಗೆ ಜ್ವರ ಬರದೇ ಇರಬಹುದು…"

ಅಷ್ಟು ಕಿವಿಗೆ ಬಿದ್ದದ್ದೇ ತಡ, ಚಕ್ರಣ್ಣ ಎದ್ದಿದ್ದ. ಹೊರಗಿನ ಪಡಸಾಲೆಯ ಛಾವಣಿಯಲ್ಲಿ ಹೊಗೆ ಹಿಡಿಯುವ ಸೆನ್ಸರಿನ ಕೆಂಪು ದೀಪ ಮಿನುಗುತ್ತಿರಲಿಲ್ಲ. ಆಸ್ಪತ್ರೆಗೆ ಬಂದಾಗಿನಿಂದ ಅದು ಅವನ ಕಣ್ಣು ಚುಚ್ಚುತ್ತಿತ್ತು. ಡಾಕ್ಟರಮ್ಮನ ಉಳಿದ ಮಾತು ಖಾಲಿ ಕುರ್ಚಿಗೆ ಹೋಯಿತು. ಮನೆಗೆ ಹೋಗುವಾಗ ಹೆಂಡತಿಗೆ ಹಿಗ್ಗಿನಿಂದ ಹೇಳಿದ: "ಇನ್ನು ನಿನಗೆ ಜ್ವರಾನೂ ಬರಲ್ಲವಂತೆ ಕಣೇ. ಒಂದೇ ಕಲ್ಲಿಗೆ ಎರಡು ಹಕ್ಕಿ."

ಮದ್ದು ಕೆಲಸ ಮಾಡಿತು. ಬೆರಳು ಬಾಗಿದವು, ಯಂತ್ರ ಮತ್ತೆ ಕಟಕಟ ಎಂದಿತು. ಹೀಗೆ ತಿಂಗಳುಗಳು ಕಳೆದ ಮೇಲೆ ಅವಳಿಗೆ ಸಣ್ಣ ಕೆಮ್ಮು ಹಿಡಿಯಿತು. ಊಟ ಸೇರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಚಕ್ರಣ್ಣ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. ಥರ್ಮಾಮೀಟರ್ ಇಟ್ಟ, ಅದೂ ಸರಿಯಾಗಿತ್ತು. "ದಣಿವು, ಮಲಕ್ಕೋ" ಎಂದು ಕೆಲಸಕ್ಕೆ ಹೊರಟ.

ಅಂದು ಬಟ್ಟೆ ಗೋದಾಮಿನ ಸೆನ್ಸರುಗಳ ಧೂಳು ತೆಗೆಯಬೇಕಿತ್ತು. ಧೂಳು ಎದ್ದರೆ ಸುಮ್ಮಸುಮ್ಮನೆ ಬಾರಿಸುತ್ತದೆಂದು ಮೊದಲು ಗಂಟೆಯ ಬಾಯಿ ಮುಚ್ಚಿಸುತ್ತಾರೆ. ಮುಚ್ಚಿಸಿದಷ್ಟು ಹೊತ್ತೂ ಒಬ್ಬರು ಮಹಡಿ ಮಹಡಿ ಸುತ್ತಿ, ನೋಡಿ, ಮೂಸಿ ಬರಬೇಕೆಂಬುದು ಆ ಕಸುಬಿನ ಕಟ್ಟಳೆ. ಕಾವಲಿನ ಮುದುಕಪ್ಪನಿಗೆ ಹಾಗೆಂದು ಹೇಳಿ ಏಣಿ ಹತ್ತಿದ್ದ. ಇಳಿದು ನೋಡಿದರೆ ಆಸಾಮಿ ಕುರ್ಚಿಯಲ್ಲೇ ಇದ್ದಾನೆ.

"ಗಂಟೆ ಬಡ್ಕೊಂಡಿಲ್ವಲ್ಲಪ್ಪ, ಸುಮ್ನೆ ಯಾಕೆ ಸುತ್ತೋದು?"

ಚಕ್ರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ಬಾಯಿ ಮುಚ್ಚಿಸಿರೋ ಗಂಟೆ ಎಲ್ಲಿಂದ ಬಡ್ಕೊಳ್ಳತ್ತೆ? ಒಳಗೆ ಹೊತ್ತಿ ಉರೀತಿದ್ರೂ ಅದು…"

ಹೆಂಡತಿಯ ತಣ್ಣನೆಯ ಹಣೆ ಅಂಗೈಗೆ ನೆನಪಾಯಿತು.

ಫೋನು ಮಾಡಿದ. "ಜ್ವರ… ಇಲ್ಲ ರೀ" ಎಂದಳು, ಎರಡು ಮಾತಿಗೆ ಮೂರು ಸಲ ಉಸಿರೆಳೆದು. ಹಾಗೇ ಓಡಿಬಿಡೋಣವೆಂದರೆ ಮಹಡಿಗಳಲ್ಲಿ ಜನ ಕೆಲಸ ಮಾಡುತ್ತಿದ್ದರು, ಗಂಟೆ ಇನ್ನೂ ಮೂಕ. ಬಿಚ್ಚಿದ್ದನ್ನೆಲ್ಲ ಕೂರಿಸಿಯೇ ಹೋಗಬೇಕು. ಸ್ಕ್ರೂ ಕೈಜಾರಿ ಬಿತ್ತು, ಹುಡುಕಿದ, ಮತ್ತೆ ಬಿತ್ತು. ತನ್ನ ಹಾಳು ಕಾಲನ್ನು, ಅಂದು ಆ ಕುರ್ಚಿಯಿಂದ ಎದ್ದ ಕಾಲನ್ನು, ಬಾಯಿಗೆ ಬಂದಂತೆ ಬೈದುಕೊಂಡ. ಕೊನೆಗೆ ಗಂಟೆ ಒಮ್ಮೆ ಬಾರಿಸಿ ಸರಿಯಿದೆ ಎಂದಾದ ಮೇಲೆ ಓಡಿದ.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ಚಿತ್ರ ನೋಡಿದ ಡಾಕ್ಟರಮ್ಮ, ಒಂದು ಕಡೆಯ ಶ್ವಾಸಕೋಶಕ್ಕೆ ಪೂರ್ತಿ ಸೋಂಕು ಹತ್ತಿದೆ ಎಂದರು. "ನಾಳೆ ತಂದಿದ್ರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ."

"ಜ್ವರ ಬರಲ್ಲ ಅಂದ್ರಲ್ಲ, ನಾನು ವರ ಅಂದ್ಕೊಂಡೆ" ಎಂದು ಅವನು ಅತ್ತೇಬಿಟ್ಟ.

"ಏಳೋಕೆ ಬಿಟ್ಟಿದ್ದು ನನ್ನ ತಪ್ಪು. ಸೋಂಕು ಹತ್ತಿದ್ರೂ ಜ್ವರ ಕಾಣಲ್ಲ, ಕೆಮ್ಮು ಉಸಿರು ನೋಡ್ತಾ ಇರಿ ಅಂತ ಕೂರಿಸಿ ಹೇಳಬೇಕಿತ್ತು" ಎಂದರು ಅವರು.

ಅವಳು ಉಳಿದಳು. ಸೋಂಕು ಹೋಗುವವರೆಗೆ ಚುಚ್ಚುಮದ್ದು ನಿಂತಿತು. ಬೆರಳುಗಳು ಮತ್ತೆ ಊದಿದವು. ಮನೆಯಲ್ಲಿ ವಿಚಿತ್ರವೊಂದು ನಡೆಯಿತು: ಚಕ್ರಣ್ಣ ಅಲ್ಲಾಡದೆ ಅವಳ ಎದುರು ಕೂತುಬಿಟ್ಟ. ಒಂದು ಬೆಳಿಗ್ಗೆ ಅವಳ ಹಣೆ ಬೆಚ್ಚಗಿತ್ತು. ಮದ್ದಿನ ಬಲ ಇಳಿದು ಗಂಟೆಗೆ ಬಾಯಿ ಬಂದಿತ್ತು, ಅವನಿಗೆ ಹೋದ ಜೀವ ಬಂದಂತಾಯಿತು.

"ಆ ಮದ್ದು ಇನ್ನು ಬೇಡ. ಕೈ ಹೋದ್ರೆ ಹೋಗ್ಲಿ, ನೀನಿದ್ರೆ ಸಾಕು."

"ಕೈ ನಿಮ್ಮದಲ್ಲ, ನಂದು" ಎಂದಳು ಅವಳು. "ಸರಿಹೋಯ್ತು ಅಂತ ಡಾಕ್ಟರಮ್ಮ ಅಂದ ದಿನ ನಾನು ಮದ್ದು ಹಾಕಿಸ್ಕೋತೀನಿ. ಗಂಟೆ ಬಾಯಿ ಮುಚ್ಚಿಸಿದ ಮೇಲೆ ಸುತ್ತೋನು ಒಬ್ಬ ಬೇಕು ಅಂತ ಊರಿಗೆಲ್ಲ ಹೇಳ್ತೀರಲ್ಲ. ನಮ್ಮನೇಲಿ ಇದಾನೆ ಒಬ್ಬ."

ಅವನು ಕೂತಲ್ಲಿಂದಲೇ ಅವಳ ಹಣೆಯ ಮೇಲೆ ಮತ್ತೆ ಕೈಯಿಟ್ಟ.

"ಹೀಗೆ ಕಲ್ಲಿನ ಹಾಗೆ ಕೂತ್ರೆ ಭಯ ಆಗತ್ತೆ ರೀ. ಏಳಿ."

ಮತ್ತೆ ಚುಚ್ಚುಮದ್ದು ಶುರುವಾದ ದಿನದಿಂದ ಅವನು ಸುತ್ತುತ್ತಿದ್ದಾನೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಯಂತ್ರದ ಹತ್ತಿರ ಬಂದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಾನೆ.

"ಕೆಮ್ಮು ಇದೆಯೇನೇ? ಉಸಿರು ಹೇಗಿದೆ?"

ಅವಳು ಹಲ್ಲಿನಿಂದ ದಾರ ಕಡಿದು ಹೇಳುತ್ತಾಳೆ: "ಚೆನ್ನಾಗಿದೆ. ಇನ್ನೊಂದು ಸುತ್ತು ಹಾಕಿ ಬನ್ನಿ."