ಉಗುರಗಲದ ಚಿತ್ರ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಹೇಳುವವರ ಮೇಲೆ ಸ್ವಲ್ಪ ಸಿಟ್ಟೂ ಬರುತ್ತಿತ್ತು. ಕಂಪ್ಯೂಟರ್ ಓದಿದವಳು ನಾನು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂದು ಈಗಲೂ ನಂಬಿದ್ದೇನೆ, ಒಂದನ್ನು ಬಿಟ್ಟು.

ಮೂರು ವರ್ಷದ ಹಿಂದೆ ಲಕ್ಷ್ಮೀಪುರಂನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಕೆಸರೆಯಿಂದ ಒಬ್ಬರು ಕ್ಯಾಮೆರಾದ ಮೆಮೊರಿ ಕಾರ್ಡ್ ತಂದರು. ಅವರ ತಾಯಿ ತೀರಿಕೊಂಡಿದ್ದರು. ಮಾರನೆಯ ದಿನ ಹನ್ನೊಂದನೆಯ ದಿನದ ಕಾರ್ಯ. ಹಾರ ಹಾಕಲು ದೊಡ್ಡ ಫೋಟೋ ಬೇಕಿತ್ತು. ಕಾರ್ಡಿನಲ್ಲಿದ್ದ ಮೊಮ್ಮಗುವಿನ ನಾಮಕರಣದ ಚಿತ್ರಗಳೆಲ್ಲ ತೆರೆದುಕೊಂಡವು. ತಾಯಿಯ ಚಿತ್ರ ಮಾತ್ರ ತೆರೆಯಲಿಲ್ಲ.

“ಕೊಡೋವಾಗ ಸರ್ಯಾಗೇ ಇತ್ತು. ನೀವೇ ಹಾಳ್ ಮಾಡ್ಬುಟ್ರಿ ಕಣ್ರೀ,” ಎಂದರು.

ಸ್ಟುಡಿಯೋ ಯಜಮಾನರು ಅವರ ಪಕ್ಕ ನಿಂತೇ ನನ್ನನ್ನು ಕೇಳಿದರು: “ಎಂಎಸ್ಸಿ ಅಂತೀಯ, ಒಂದ್ ಫೋಟೋ ಓಪನ್ ಮಾಡೋಕೆ ಬರಲ್ವೇನಮ್ಮ?”

“ಬೇರೆ ಫೋಟೋ ಇಲ್ವಾ ಸರ್?” ಎಂದೆ.

“ಇದ್ದಿದ್ರೆ ನಿಮ್ ಮುಖ ನೋಡ್ಕೊಂಡ್ ಇಲ್ಲಿ ನಿಂತಿರ್ತಿದ್ನಾ? ಅವ್ವ ಜನ್ಮದಲ್ಲಿ ತೆಗೆಸ್ಕೊಂಡಿದ್ದೇ ಅದೊಂದು.”

ಚಿತ್ರದ ಫೈಲಿನೊಳಗೆ ಚಿತ್ರವಷ್ಟೇ ಇರುವುದಿಲ್ಲ. ಯಾವ ಕ್ಯಾಮೆರಾ, ಯಾವ ಹೊತ್ತು ಎಂಬ ವಿವರಗಳೂ ಅದೇ ಚಿತ್ರದ ಉಗುರಗಲದ ಒಂದು ಪ್ರತಿಯೂ ಇರುತ್ತವೆ. ಇದೆಲ್ಲ ಸೇರಿ ಮೆಟಾಡೇಟಾ. ಅದರಲ್ಲಿ ತಪ್ಪು ನುಸುಳಿದರೆ ಕೆಲವೊಮ್ಮೆ ಇಡೀ ಚಿತ್ರವೇ ತೆರೆಯುವುದಿಲ್ಲ. ಇಲ್ಲಿ ಆ ಪುಟ್ಟ ಪ್ರತಿಯ ಅಳತೆ ತಪ್ಪಾಗಿ ದಾಖಲಾಗಿತ್ತು. ಆ ಪ್ರತಿಯನ್ನಷ್ಟೇ ತೆರೆದು ನೋಡಿದೆ.

ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತ ವಯಸ್ಸಾದ ಹೆಂಗಸು. ಬಲಗೈ ಮುಂದೆ ಚಾಚಿ, ಅಂಗೈಯಿಂದ ಕ್ಯಾಮೆರಾವನ್ನು ತಡೆಯುತ್ತಿದ್ದರು. ಮುಖವೇ ಕಾಣುತ್ತಿರಲಿಲ್ಲ.

ಮೆಟಾಡೇಟಾವನ್ನು ಬದಿಗಿಟ್ಟು ದೊಡ್ಡ ಚಿತ್ರವನ್ನು ತೆರೆದೆ. ಅದೇ ಕುರ್ಚಿ, ಸೆರಗಿನ ಅದೇ ಮಡಿಕೆ. ಎರಡೂ ಕೈ ಮಡಿಲಲ್ಲಿದ್ದವು. ಮುಖದಲ್ಲಿ ನಗುವಿತ್ತು.

“ಅಮ್ಮನ ಫೋಟೋ ಎಷ್ಟು ಸಲ ತೆಗೆದ್ರಿ?” ಎಂದು ಕೇಳಿದೆ.

“ಒಂದೇ ಸಲ.”

“ಅವರು ಬೇಡ ಅಂದಿದ್ರಾ?”

ಅವರ ಮುಖ ಬಿಗಿಯಿತು. “ನಿಮಗ್ಯಾಕ್ರೀ ಅದು? ಹೇಳಿದ್ ಕೆಲ್ಸ ಮಾಡಿ.”

ಮೂಲದ ಪ್ರತಿ ಇಟ್ಟುಕೊಳ್ಳದೆ ನಾನು ಯಾವ ಫೈಲನ್ನೂ ಮುಟ್ಟುವವಳಲ್ಲ. ಅಂದು ಇಟ್ಟುಕೊಳ್ಳಲಿಲ್ಲ. ಇಬ್ಬರು ಗಂಡಸರು ಕೌಂಟರಿನಾಚೆ ನಿಂತು ರೇಗುತ್ತಿದ್ದರು ಎಂಬುದು ಪೂರ್ತಿ ಕಾರಣವಲ್ಲ. ಆ ಅಂಗೈ ನನ್ನನ್ನೂ ದೂರ ತಳ್ಳುತ್ತಿದೆ ಅನ್ನಿಸಿತು. ಅದು ನನಗೂ ಬೇಡವಾಗಿತ್ತು. ಕಾರ್ಡಿನಲ್ಲೇ ಮೆಟಾಡೇಟಾ ಪೂರ್ತಿ, ಆ ಪುಟ್ಟ ಪ್ರತಿಯ ಸಮೇತ, ಅಳಿಸಿದೆ. ಫೋಟೋ ಸಲೀಸಾಗಿ ಪ್ರಿಂಟಾಯಿತು.

ಫ್ರೇಮು ಕೈಗೆ ಬಂದಾಗ ಅವರ ದನಿ ಇಳಿಯಿತು. “ನೋಡಿ, ಎಂಗೆ ನಗ್ತಾವ್ಳೆ ನಮ್ಮವ್ವ,” ಎಂದು ಗಾಜನ್ನು ಅಂಗಿಯ ತೋಳಿನಿಂದ ಒರೆಸಿದರು.

ಇದಕ್ಕೂ ಮುಂಚೆ ತೆಗೆದ ಚಿತ್ರದ ಪುಟ್ಟ ಪ್ರತಿ ಇದರೊಳಗೆ ಸೇರಿಕೊಂಡಿರಬೇಕು ಎನ್ನುತ್ತಾಳೆ, ಇದನ್ನು ಕೇಳಿದ ಗೆಳತಿಯೊಬ್ಬಳು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ಹಿಂದಿನದು ತೊಟ್ಟಿಲ ಚಿತ್ರ; ಚಿತ್ರಗಳ ಕ್ರಮಸಂಖ್ಯೆಯಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ, ಅಂದರೆ ನಡುವೆ ಯಾವ ಚಿತ್ರವನ್ನೂ ಅಳಿಸಿರಲಿಲ್ಲ. ಮತ್ತೆ ಪರೀಕ್ಷಿಸೋಣವೆಂದರೆ ಏನೂ ಉಳಿದಿಲ್ಲ. ಕೆಸರೆಯ ಒಂದು ಗೋಡೆಯ ಮೇಲೆ ಆಕೆ ನಗುತ್ತಿರಬಹುದು. ಬೇಡವೆಂದ ಆ ಕೈಯನ್ನು ಕಂಡವಳು ನಾನೊಬ್ಬಳೇ. ಅಳಿಸಿದವಳೂ ನಾನೇ.