ಕ್ಯಾಮೆರಾಕ್ಕೆಂದು ಗುಡಿಸಿದ ಕೇರಿ

ಆ ಕಾಲದಲ್ಲಿ ಚಿಕ್ಕಮಗಳೂರು ಪೇಟೆಯ ಹಿಂದಿದ್ದ ನಮ್ಮ ಕೇರಿಗೆ ಬೆಳಗಾಗುತ್ತಿದ್ದುದೇ ಕಾಫಿ ಹುರಿಯುವ ವಾಸನೆಯಿಂದ. ಬೀಜ ಸೀದ ದಿನ ಗಿರಿಜಕ್ಕನ ಬೈಗುಳವೂ ಜೊತೆಗಿರುತ್ತಿತ್ತು. ಬಾಡಿಗೆ ಮನೆಯಲ್ಲಿದ್ದುಕೊಂಡು ಕಾಫಿಪುಡಿ ಮಾರುತ್ತಿದ್ದವಳು ಅವಳು. ಗೋಲಿಯಲ್ಲಿ ಸೋತವನಿಗೆ ಕಡುಬು ಒಂದು ಜಾಸ್ತಿ ಎಂದು ನನ್ನನ್ನು ಛೇಡಿಸುತ್ತಿದ್ದಳು.

ಕೇರಿಯ ಸಿನಿಮಾ ತೆಗೆಯುತ್ತಾರೆಂದು ಸುದ್ದಿ ಬಂತು. ಹೆಂಗಸರು ನಸುಕಿಗೇ ಎದ್ದು ಚರಂಡಿ ಬಳಿದರು, ಅಂಗಳ ಸಾರಿಸಿದರು, ರಂಗೋಲಿ ಹಾಕಿದರು. ಗಿರಿಜಕ್ಕ ಮದುವೆಯ ಸೀರೆ ಉಟ್ಟಳು. ಕ್ಯಾಮೆರಾದವನನ್ನು ಕರೆಸಿದ್ದವರು ಕೇರಿ ಕೆಡವಿ ರಸ್ತೆ ಅಗಲ ಮಾಡಬೇಕೆಂದಿದ್ದವರು. ಅದು ನಮಗೆ ತಿಳಿದಿರಲಿಲ್ಲ. ಅವನಿಗೆ ಕಾಫಿ ಮಾಡಲು ಗಿರಿಜಕ್ಕ ಒಳಗೆ ಹೋದಾಗ ಅವನು ನನ್ನನ್ನು ಪಕ್ಕಕ್ಕೆ ಕರೆದ.

“ಇಷ್ಟು ಚೊಕ್ಕ ಇದ್ರೆ ಏನು ತೆಗೀಲಿ? ಸ್ವಲ್ಪ ಗಲೀಜು ಮಾಡು. ನೀನೂ ಸಿನಿಮಾದಲ್ಲಿ ಬರ್ತೀಯ.”

ಗುಡ್ಡೆ ಹಾಕಿದ್ದ ಚರಂಡಿ ಕೆಸರನ್ನು ಬಕೆಟ್ಟಿನಲ್ಲಿ ತಂದು ಅವಳ ರಂಗೋಲಿಯ ಮೇಲೇ ಸುರಿದೆ. ಅವಳು ಲೋಟ ಹಿಡಿದು ಬಂದಾಗ, ಹಂದಿ ನುಗ್ಗಿತು ಎಂದೆ.

ಆ ಮಳೆಗಾಲವೆಲ್ಲ ನನಗೆ ಹೆದರಿಕೆ. ಅವಳು ಹೆಸರು ಕರೆದರೆ ಸಾಕು, ಓಡಿ ಹಿತ್ತಲು ಸೇರುತ್ತಿದ್ದೆ. ಮಳೆ ನಿಂತ ಮೇಲೆ ಬಯಲಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರು. ಗಿರಿಜಕ್ಕ ನನ್ನ ಪಕ್ಕದಲ್ಲೇ ಕೂತಳು. ಪರದೆಯ ತುಂಬ ಕೆಸರು, ಅಂಚಿನಲ್ಲಿ ಬಕೆಟ್ಟು ಹಿಡಿದ ಹುಡುಗನ ಬೆನ್ನು. ಇಂಥ ಕೊಂಪೆ ಊರಿಗೆ ಶೋಭೆಯಲ್ಲ ಎಂದು ಯಾರೋ ಭಾಷಣ ಮಾಡಿದರು. ಜನ ತಲೆಯಾಡಿಸಿದರು.

“ಇದ್ಯಾವ ಕೇರಿ ಮಾರಾಯ?” ಎಂದು ನಕ್ಕ ಗಿರಿಜಕ್ಕ ಪರದೆಯಲ್ಲಿ ತನ್ನ ಬಾಗಿಲು ಗುರುತಿಸಿ ನಗು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಆ ಹುಡುಗ ಯಾರೋ?”

“ಗೊತ್ತಿಲ್ಲಕ್ಕ,” ಎಂದೆ.

ಬೇಸಿಗೆಗೆ ಕೇರಿ ಕೆಡವಿದರು. ಗಿರಿಜಕ್ಕ ಹುರಿಯುವ ಬಾಣಲೆ ಹೊತ್ತುಕೊಂಡು ಆಲ್ದೂರಿನ ಬಸ್ಸು ಹತ್ತಿದಳು. ಬಸ್ಸು ಹೊರಡುವವರೆಗೂ ನಾನು ಅಂಗಡಿಯ ಮರೆಯಲ್ಲಿ ಅವಿತಿದ್ದೆ. ಮತ್ತೆ ಅವಳನ್ನು ನೋಡಲಿಲ್ಲ.

ಈಗ ಊರು ಬದಲಾದ ಬಗೆಯನ್ನು ನಮ್ಮ ಬೀದಿಯ ಹುಡುಗರು ಚಿತ್ರ ಮಾಡುತ್ತಿದ್ದಾರೆ. ಹಳೆಯ ರೀಲು ಅವರಿಗೆ ಸಿಕ್ಕಿದೆ. ಮೊದಲು ಆ ಕೆಸರು, ಅದರ ಹಿಂದೆಯೇ ಡ್ರೋನಿನಲ್ಲಿ ತೆಗೆದ ಅಗಲ ರಸ್ತೆ, ದೀಪಗಳ ಸಾಲು. ಮೊನ್ನೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕ್ಯಾಮೆರಾ ಹಿಡಿದರು.

“ಎಷ್ಟು ಗಲೀಜಿತ್ತು ಅಲ್ವಾ ತಾತ? ಈ ಬಕೆಟ್ ಹುಡುಗ ಯಾರು, ಗೊತ್ತಾ?”

ಎಪ್ಪತ್ತು ದಾಟಿದ ನನಗೆ ಅದೇ ಹೆದರಿಕೆ. ಗೊತ್ತಿಲ್ಲಪ್ಪ ಎಂದೆ. ಅದೂ ರೆಕಾರ್ಡಾಯಿತು.

ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆದಿದ್ದೇನೆ. ಆ ಹುಡುಗ ನಾನು. ಚಿತ್ರ ತೋರಿಸುವ ಮೊದಲು ಅವರು ಇದನ್ನು ಓದಲಿ. ಆಗಷ್ಟೇ ಸಾರಿಸಿದ್ದ ಆ ಕೇರಿ ಯಾವ ರೀಲಿನಲ್ಲೂ ಇಲ್ಲ. ಅದನ್ನು ಕಂಡವರಲ್ಲಿ ಉಳಿದಿರುವವನು, ನನಗೆ ತಿಳಿದಂತೆ, ನಾನೊಬ್ಬನೇ.